ಔಷಧ ಚೀಟಿಯ ಐದನೆಯ ಸಾಲು

ನನ್ನ ಔಷಧ ಚೀಟಿಯಲ್ಲಿ ಮೊದಲ ನಾಲ್ಕು ಸಾಲು ಮಾತ್ರೆಗಳದ್ದು. ಐದನೆಯ ಸಾಲು ಹೀಗಿತ್ತು: ‘ನಡಿಗೆ – 5 ನಿಮಿಷ, ಬೆಳಿಗ್ಗೆ 7ರೊಳಗೆ ಒಮ್ಮೆ, ಸಂಜೆ 6ರ ನಂತರ ಒಮ್ಮೆ, ವಾರಕ್ಕೆ 3 ದಿನ, 6 ವಾರ.’ ಮಾತ್ರೆಗಳನ್ನು ಬರೆದ ಅದೇ ಕೈಬರಹ, ಅದೇ ನೀಲಿ ಶಾಯಿ, ಕೆಳಗೆ ಅದೇ ಸಹಿ. ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆಯೆಂದು ಗೊತ್ತಾಗಿ ಆಗ ನಾಲ್ಕು ವರ್ಷ ಕಳೆದಿತ್ತು. ಅಷ್ಟೂ ವರ್ಷ ವ್ಯಾಯಾಮದ ಬಗ್ಗೆ ನಾನು ಕೇಳಿದ್ದು ಒಂದೇ ಮಾತು: ಬೇಡ.

ನಾನು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. 2018ರ ಫೆಬ್ರುವರಿಯಲ್ಲಿ, ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಕೆಂಪು ಪೆನ್ನಿನ ಶಾಯಿ ಮಾಸಿದಂತೆ ಕಂಡಿತು. ಪೆನ್ನು ಬದಲಿಸಿದೆ. ಎರಡನೆಯದೂ ಹಾಗೆಯೇ. ಎಡಗಣ್ಣು ಮುಚ್ಚಿ ನೋಡಿದರೆ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು, ಬಲಗಣ್ಣು ಮುಚ್ಚಿದರೆ ಮತ್ತೆ ಕೆಂಪೇ. ಬಲಗಣ್ಣನ್ನು ಆಚೀಚೆ ಹೊರಳಿಸಿದಾಗ ಹಿಂದಿನಿಂದ ಯಾರೋ ಎಳೆದಂತೆ ನೋವು. ಕಣ್ಣಿನ ವೈದ್ಯರು ನರದ ವೈದ್ಯರ ಬಳಿಗೆ ಕಳುಹಿಸಿದರು, ಅವರು ಎಂಆರ್‌ಐ ಮಾಡಿಸಿದರು, ಬೆನ್ನುಹುರಿಯ ದ್ರವ ತೆಗೆದು ಪರೀಕ್ಷಿಸಿದರು. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯಿದೆ, ದೇಹದ ರಕ್ಷಣಾ ವ್ಯವಸ್ಥೆಯೇ ಅದನ್ನು ಶತ್ರುವೆಂದು ತಿಳಿದು ಅಲ್ಲಲ್ಲಿ ಕೆರೆದು ಹಾಕುತ್ತಿದೆ ಎಂದರು. ಐದು ದಿನ ಡ್ರಿಪ್‌ನಲ್ಲಿ ಸ್ಟೀರಾಯ್ಡ್ ಕೊಟ್ಟರು. ಕಣ್ಣು ಬಹುಪಾಲು ಮರಳಿತು. ಆಗ ನನಗೆ ಮೂವತ್ತೊಂದು ವರ್ಷ.

ಇಲ್ಲಿಯವರೆಗೆ ನಡೆದದ್ದಕ್ಕೆ ಯಾರನ್ನೂ ದೂರಲಾರೆ. ರೋಗವನ್ನು ಬೇಗ ಗುರುತಿಸಿದರು, ಔಷಧ ಬೇಗ ಶುರುವಾಯಿತು. ನನ್ನ ಸಂಕಟ ಆನಂತರದ್ದು.

2019ರ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆಯ ಕೆಲಸಕ್ಕೆ ತರಬೇತಿಯಿತ್ತು. ಮಧ್ಯಾಹ್ನ ಮುಗಿಸಿಕೊಂಡು ಬಿಸಿಲಿನಲ್ಲಿ ಬಸ್ಸಿನ ಸ್ಟಾಪಿಗೆ ನಡೆದೆ. ಅರ್ಧ ದಾರಿಯಲ್ಲಿ ಬಲಗಣ್ಣು ಮಂಜಾಯಿತು, ಬಲಗಾಲಿನ ಬೆರಳು ನೆಲಕ್ಕೆ ಉಜ್ಜತೊಡಗಿತು. ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಮನೆಗೆ ಫೋನ್ ಮಾಡಿದೆ. ಅಂದು ತೋರಿಸಿದ ವೈದ್ಯರು, ‘ನರಗಳಿಗೆ ಆಯಾಸ ಕೊಟ್ಟಿದ್ದೀರಿ. ಹೀಗೆ ಮಾಡಿದರೆ ಕಾಯಿಲೆ ಬೆಳೆಯುತ್ತದೆ. ಇನ್ನು ಮುಂದೆ ವಿಶ್ರಾಂತಿ’ ಎಂದರು. ಮಲಗಿ ಎದ್ದ ಮೇಲೆ, ಸಂಜೆ ಏಳರ ಹೊತ್ತಿಗೆ, ಕಣ್ಣೂ ಕಾಲೂ ಸರಿಯಾಗಿದ್ದವು. ಬೆಳೆದ ಕಾಯಿಲೆ ಅಷ್ಟು ಬೇಗ ಹೇಗೆ ಇಳಿಯಿತು ಎಂದು ಅವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

‘ವಿಶ್ರಾಂತಿ’ ಎಂಬುದು ನಮ್ಮ ಮನೆಯಲ್ಲಿ ಆಜ್ಞೆಯಾಯಿತು. ಅತ್ತೆ ನೀರಿನ ಕೊಡವನ್ನು ನನ್ನ ಕೈಗೆ ಕೊಡುವುದನ್ನು ಬಿಟ್ಟರು, ಆಮೇಲೆ ಪೊರಕೆಯನ್ನು, ಆಮೇಲೆ ಲಟ್ಟಣಿಗೆಯನ್ನೂ. ಒಂದು ಕಿಲೋಮೀಟರ್ ದೂರದ ಶಾಲೆಗೆ ಯಜಮಾನರು ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಮುಖ್ಯೋಪಾಧ್ಯಾಯರು ನನ್ನ ತರಗತಿಗಳನ್ನೆಲ್ಲ ಕೆಳಮಹಡಿಗೆ ತಂದರು. ಕುಳಿತು ಪಾಠ ಮಾಡಲು ಎತ್ತರದ ಸ್ಟೂಲ್ ಬಂತು. ಪ್ರತಿಯೊಂದೂ ಪ್ರೀತಿಯಿಂದ ಬಂದದ್ದೇ. ಅವ್ವ ಊರಿನಿಂದ ಬಂದಾಗಲೆಲ್ಲ ಕಾಲು ಒತ್ತುತ್ತ, ‘ನೀನು ಸುಮ್ಮನೆ ಕುಳಿತುಕೋ ಮಗಳೇ, ಅಷ್ಟೇ ಸಾಕು’ ಎನ್ನುತ್ತಿದ್ದರು. ನಾನು ಸುಮ್ಮನೆ ಕುಳಿತೆ, ಮೂರು ವರ್ಷ.

ಮೂರು ವರ್ಷದಲ್ಲಿ ಒಂಬತ್ತು ಕೆ.ಜಿ. ಏರಿತು, ತೊಡೆ ಮಾತ್ರ ಸಣ್ಣಗಾಯಿತು. ಕಂಬಿ ಹಿಡಿಯದೆ ನಾಲ್ಕು ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ದಣಿವಂತೂ ಬೇರೆಯೇ ಜಾತಿಯದು. ನಮ್ಮೂರಿನ ಮಂಡಕ್ಕಿ ಭಟ್ಟಿಗಳನ್ನು ನೋಡಿದವರಿಗೆ ಹೀಗೆ ಹೇಳಬಹುದು: ಬೆಳಿಗ್ಗೆ ಮಂಡಕ್ಕಿ ಚೀಲದಂತಿದ್ದ ಮೈ ಮಧ್ಯಾಹ್ನ ಎರಡರ ಹೊತ್ತಿಗೆ ಭತ್ತದ ಚೀಲವಾಗುತ್ತಿತ್ತು. ಎಲ್ಲವನ್ನೂ ಕಾಯಿಲೆಯ ಲೆಕ್ಕಕ್ಕೇ ಬರೆದುಕೊಂಡೆ.

2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೇರೊಬ್ಬ ನರರೋಗ ತಜ್ಞೆಯ ಬಳಿಗೆ ಹೋದೆವು. ಹೊಸ ಔಷಧಕ್ಕೆ ಬದಲಾಯಿಸಬೇಕೇ ಎಂದು ಕೇಳುವುದಷ್ಟೇ ಉದ್ದೇಶ. ಅವರು ಹಳೆಯ ಎಂಆರ್‌ಐ ಚಿತ್ರಗಳನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ, ‘ದಿನಕ್ಕೆ ಎಷ್ಟು ನಡೆಯುತ್ತೀರಿ?’ ಎಂದು ಕೇಳಿದರು.

‘ಇಲ್ಲ ಡಾಕ್ಟರ್, ನನ್ನನ್ನು ಯಾರೂ ನಡೆಯಲು ಬಿಡುವುದಿಲ್ಲ’ ಎಂದೆ. ಒಳ್ಳೆಯ ರೋಗಿಯ ಉತ್ತರ ಕೊಟ್ಟೆನೆಂಬ ಸಮಾಧಾನ ನನಗಿತ್ತು. ಅವರು ಪೆನ್ನು ಕೆಳಗಿಟ್ಟರು.

ಕಾರಿಡಾರಿನ ನೆಲಕ್ಕೆ ಎರಡು ಹಳದಿ ಪಟ್ಟಿ ಅಂಟಿಸಿದ್ದರು, ನಡುವೆ 25 ಅಡಿ. ಒಂದರಿಂದ ಇನ್ನೊಂದಕ್ಕೆ, ಬೀಳದಂತೆ, ಆದಷ್ಟು ಬೇಗ ನಡೆಯಬೇಕು. 8.4 ಸೆಕೆಂಡು ಆಯಿತು. ಕೈ ಊರದೆ ಕುರ್ಚಿಯಿಂದ ಐದು ಸಲ ಏಳಲು ಹೇಳಿದರು, ಮೂರನೆಯದಕ್ಕೇ ಸೋತು ನಿಲ್ಲಿಸಿದೆ. ಒಳಗೆ ಕರೆದು ಕೂರಿಸಿ ಅವರು ಹೇಳಿದ ಮಾತನ್ನು ನಾನು ಮರೆಯಲಾರೆ: ‘ನಿಮ್ಮ ಎಂಆರ್‌ಐಯಲ್ಲಿ ಎರಡು ವರ್ಷದಿಂದ ಹೊಸ ಕಲೆ ಇಲ್ಲ. ಔಷಧ ತನ್ನ ಕೆಲಸ ಮಾಡುತ್ತಿದೆ. ಹಾಗಿದ್ದೂ ಕಾಲು ಸೋತಿದೆ. ಅದರಲ್ಲಿ ಎಷ್ಟು ಪಾಲು ಕಾಯಿಲೆಯದು, ಎಷ್ಟು ಪಾಲು ಕುಳಿತದ್ದರಿಂದ ಬಂದದ್ದು ಎಂದು ನನಗೂ ಈಗ ಹೇಳಲಾಗದು. ಕೆಲವು ತಿಂಗಳು ವ್ಯಾಯಾಮ ಮಾಡಿ. ಮರಳಿ ಬಂದಷ್ಟು ಕುಳಿತು ಕಳೆದುಕೊಂಡದ್ದು.’

ಚುನಾವಣಾ ತರಬೇತಿಯ ದಿನದ ಕಥೆ ಹೇಳಿದೆ. ಅದಕ್ಕೊಂದು ಹೆಸರಿದೆ ಎಂದರು. 1890ರಲ್ಲಿ ವಿಲ್ಹೆಲ್ಮ್ ಊಟ್‌ಹೋಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು, ಈ ಕಾಯಿಲೆಯ ಕೆಲವರಿಗೆ ಶ್ರಮಪಟ್ಟಾಗ ದೃಷ್ಟಿ ಮಂಜಾಗುವುದನ್ನು ಗಮನಿಸಿ ಬರೆದರು. ಶ್ರಮವೇ ಕಾರಣವೆಂದು ಆಗ ತೋರಿತ್ತು. ನಿಜವಾದ ಕಾರಣ ಮೈಯ ಬಿಸಿ ಎಂದು ತಿಳಿದದ್ದು ಆಮೇಲೆ. ಹೊದಿಕೆ ಹರಿದ ನರ ಸ್ವಲ್ಪ ಬಿಸಿಯಾದರೂ ಸಂದೇಶವನ್ನು ಸರಿಯಾಗಿ ಸಾಗಿಸಲಾರದು, ತಣಿದರೆ ಮತ್ತೆ ಸಾಗಿಸುತ್ತದೆ. ಅಲ್ಲಿ ಹೊಸ ಗಾಯವೇನೂ ಆಗಿರುವುದಿಲ್ಲ. ಆದರೆ ‘ಶ್ರಮ ಬೇಡ’ ಎಂಬ ಸಲಹೆ ವೈದ್ಯರಿಂದ ವೈದ್ಯರಿಗೆ ದಶಕಗಟ್ಟಲೆ ದಾಟುತ್ತ ಬಂತು. 1996ರಲ್ಲಿ ಅಮೆರಿಕದ ಯೂಟಾದಲ್ಲಿ 54 ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 15 ವಾರ ಕೈಕಾಲುಗಳಿಂದ ತುಳಿಯುವ ಸೈಕಲ್ ವ್ಯಾಯಾಮ ಮಾಡಿಸಿದರು. ಅವರ ಉಸಿರಿನ ಸಾಮರ್ಥ್ಯ ಮತ್ತು ಸ್ನಾಯುಬಲ ಹೆಚ್ಚಿದವು, ಅಂಗವೈಕಲ್ಯದ ಅಳತೆ ಹದಗೆಡಲಿಲ್ಲ. ಆ ಬಳಿಕ ಅಧ್ಯಯನಗಳ ಮೇಲೆ ಅಧ್ಯಯನಗಳು ಬಂದವು. 2013ರಲ್ಲಿ ಕೆನಡಾದ ತಜ್ಞರು ಸೌಮ್ಯ ಮತ್ತು ಮಧ್ಯಮ ಹಂತದ ರೋಗಿಗಳಿಗೆ ಪ್ರಮಾಣವನ್ನೇ ನಿಗದಿಪಡಿಸಿದರು: ವಾರಕ್ಕೆ ಎರಡು ಸಲ 30 ನಿಮಿಷ ಉಸಿರು ಏರುವಂಥ ಚಟುವಟಿಕೆ, ಎರಡು ಸಲ ಸ್ನಾಯುಬಲದ ವ್ಯಾಯಾಮ. 2020ರಲ್ಲಿ ಅಮೆರಿಕದ ನ್ಯಾಷನಲ್ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಯ ಶಿಫಾರಸು ಇನ್ನೂ ಮುಂದೆ ಹೋಗಿ, ಸಾಮರ್ಥ್ಯಕ್ಕೆ ತಕ್ಕಂತೆ ಮೆಲ್ಲಗೆ ಏರುತ್ತ ವಾರಕ್ಕೆ 150 ನಿಮಿಷದ ಗುರಿಯನ್ನು ಇಟ್ಟಿತು. ಇದನ್ನು ರೋಗಿಗೆ ಹೇಳುವುದು ಚಿಕಿತ್ಸೆ ಕೊಡುವವರ ಕೆಲಸವೆಂದೂ ಅದರಲ್ಲಿದೆ.

ನಾನು ಕೇಳಿಯೇ ಬಿಟ್ಟೆ: ‘ಹಾಗಾದರೆ 2019ರಲ್ಲಿ ನನಗೆ ಏಕೆ ಯಾರೂ ಹೇಳಲಿಲ್ಲ?’

ಅವರು ಸಬೂಬು ಹೇಳಲಿಲ್ಲ. ಒಬ್ಬ ರೋಗಿಗೆ ಹತ್ತು ನಿಮಿಷ ಸಿಗುತ್ತದೆ, ಅದರಲ್ಲಿ ಎಂಟು ನಿಮಿಷ ಔಷಧ ಮತ್ತು ರಕ್ತಪರೀಕ್ಷೆಗೆ ಹೋಗುತ್ತದೆ, ಬಾಗಿಲಲ್ಲಿ ನಿಂತಾಗ ‘ಸ್ವಲ್ಪ ವ್ಯಾಯಾಮ ಮಾಡಿ’ ಎನ್ನುತ್ತೇವೆ, ಹಾಗೆ ಹೇಳಿದ್ದನ್ನು ಯಾರೂ ಮಾಡುವುದಿಲ್ಲ ಎಂದರು. ಆಮೇಲೆ ಆ ಐದನೆಯ ಸಾಲು ಬರೆದರು. ನಾನು ಗಣಿತದವಳು, ನನಗೆ ಅಂಕಿ ಬೇಕು. ‘ಸ್ವಲ್ಪ’ ಎಂಬುದು ಅಂಕಿಯಲ್ಲ. ಐದು ನಿಮಿಷ ಎಂಬುದು ಅಂಕಿ.

ಅದರ ಜೊತೆಗೆ ದಾವಣಗೆರೆಯ ಯಾವುದಾದರೂ ಫಿಸಿಯೋಥೆರಪಿಸ್ಟರಿಗೆ ಕೊಡುವಂತೆ ಒಂದು ಪುಟದ ಪತ್ರವನ್ನೂ ಬರೆದುಕೊಟ್ಟರು. ಬಲಪಾದ ಎತ್ತುವ ಸ್ನಾಯು ಸೋತಿದೆ, ಎಡಗಡೆ ಸಮತೋಲನ ಕಡಿಮೆ, ಬಿಸಿ ಶಾಖದ ಚಿಕಿತ್ಸೆ ಕೊಡಬೇಡಿ, ಪೂರ್ತಿ ಸುಸ್ತಾಗುವವರೆಗೆ ಮಾಡಿಸಬೇಡಿ, ಅನುಮಾನ ಬಂದರೆ ಈ ನಂಬರಿಗೆ ಕರೆ ಮಾಡಿ. ನಮ್ಮೂರಿನ ಫಿಸಿಯೋಥೆರಪಿಸ್ಟ್ ಆ ಪತ್ರವನ್ನು ಎರಡು ಸಲ ಓದಿದರು. ಇಪ್ಪತ್ತೆಂಟರ ಹುಡುಗ. ‘ಮೇಡಂ, ಪಾರ್ಶ್ವವಾಯು ಆದವರನ್ನು, ಮಂಡಿನೋವಿನವರನ್ನು ದಿನಾ ನೋಡುತ್ತೇನೆ. ಈ ಕಾಯಿಲೆಯವರು ನನ್ನ ಬಳಿಗೆ ಬಂದಿಲ್ಲ. ನನಗೆ ಎರಡು ದಿನ ಕೊಡಿ, ಓದಿಕೊಳ್ಳುತ್ತೇನೆ’ ಎಂದರು. ಎಲ್ಲ ಗೊತ್ತೆಂದು ಹೇಳಿದ್ದರೆ ನಾನು ಅಲ್ಲಿಂದ ಎದ್ದು ಬರುತ್ತಿದ್ದೆನೇನೋ. ಎರಡು ದಿನ ಬಿಟ್ಟು ಹೋದಾಗ ಅವರ ಕ್ಲಿನಿಕ್ಕಿನ ನೆಲದ ಮೇಲೂ ಎರಡು ಹಳದಿ ಪಟ್ಟಿಗಳಿದ್ದವು, ಟೇಪು ಹಿಡಿದು ಅಳೆದ 25 ಅಡಿ.

ಶುರುವಿನ ವ್ಯಾಯಾಮಗಳನ್ನು ನೋಡಿದವರು ‘ಇದೂ ಒಂದು ವ್ಯಾಯಾಮವೇ?’ ಎನ್ನಬಹುದು. ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರ ಮಾಡಿ, ಕೈ ಊರದೆ ಏಳುವುದು, ಕೂರುವುದು, ನಾಲ್ಕು ಸಲ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು, ಆರು ಸಲ. ಗೋಡೆಯ ಪಕ್ಕದಲ್ಲಿ ಒಂದು ಹಿಮ್ಮಡಿಯ ಮುಂದೆ ಇನ್ನೊಂದನ್ನಿಟ್ಟು ಹತ್ತು ಹೆಜ್ಜೆ. ಮೀನಖಂಡ ಬಿಗಿಹಿಡಿಯದಂತೆ ಎಳೆತ. ಎರಡು ಸುತ್ತಿನ ನಡುವೆ ಎರಡು ನಿಮಿಷ ಕುಳಿತಿರಲೇಬೇಕು, ಸಾಕಾಗಿದೆ ಎನಿಸದಿದ್ದರೂ. ಶ್ರಮಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ನಾಲ್ಕನ್ನು ದಾಟಬಾರದು, ಐದು ಬಂದರೆ ನಿಲ್ಲಿಸಬೇಕು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು ಎಂಬುದು ಇನ್ನೊಂದು ಗುರುತು. ನನಗೆ ಹಾಡು ಬಾರದು, ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತೇನೆ. ಹದಿನೇಳು ಹತ್ತರವರೆಗೆ ಒಂದೊಂದು ಸಾಲೂ ಉಸಿರು ಕಡಿಯದೆ ಬಂದರೆ ನಡಿಗೆ ಹದವಾಗಿದೆ. ಹದಿನೇಳು ನಾಲ್ಕಲೆಗೇ ತಡವರಿಸಿದರೆ ನಿಧಾನಿಸುತ್ತೇನೆ.

ಮೂರನೆಯ ವಾರ ಒಂದು ಬೆಳಿಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ಹೋಗಿದ್ದೆವು. ಗಾಳಿ ಚೆನ್ನಾಗಿತ್ತು, ನೀರಿನ ಮೇಲೆ ಹಕ್ಕಿಗಳಿದ್ದವು, ಬರೆದುಕೊಟ್ಟ ಐದು ನಿಮಿಷ ಸಾಲದೆನಿಸಿತು. ಹನ್ನೆರಡು ನಿಮಿಷ ನಡೆದೆ. ತಿರುಗುವಷ್ಟರಲ್ಲಿ ಬಲಗಣ್ಣಿನ ಮುಂದೆ ಅದೇ ಮಂಜು ಇಳಿಯಿತು, ಅದೇ ಬೆರಳು ನೆಲಕ್ಕೆ ತಾಗತೊಡಗಿತು. ಮೂರು ವರ್ಷ ಕಾಪಾಡಿದ್ದನ್ನೆಲ್ಲ ಒಂದು ಬೆಳಿಗ್ಗೆಯಲ್ಲಿ ಹಾಳುಮಾಡಿಕೊಂಡೆ ಎನಿಸಿ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಯಜಮಾನರು ಆಟೋ ತರಲು ಓಡಿದರು. ನಾನು ಫಿಸಿಯೋಥೆರಪಿಸ್ಟರಿಗೆ ಫೋನ್ ಮಾಡಿದೆ.

‘ಜ್ವರ ಇದೆಯೇ ಮೇಡಂ? ಇಲ್ಲವಲ್ಲ. ನೆರಳಿನಲ್ಲಿ ಕುಳಿತುಕೊಳ್ಳಿ. ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ, ತಣ್ಣೀರು ಕುಡಿಯಿರಿ. ಗಡಿಯಾರ ನೋಡಿ ಗಂಟೆ ಬರೆದುಕೊಳ್ಳಿ. ಕಡಿಮೆಯಾದಾಗ ಮತ್ತೆ ಬರೆದುಕೊಳ್ಳಿ. ನಾಳೆ ಈ ಹೊತ್ತಿಗೂ ಹೀಗೇ ಇದ್ದರೆ ನಾವಿಬ್ಬರೂ ಬೆಂಗಳೂರಿಗೆ ಫೋನ್ ಮಾಡೋಣ.’

6:22ಕ್ಕೆ ಶುರುವಾದ ಮಂಜು 6:57ಕ್ಕೆ ಸರಿದಿತ್ತು. ಮೂವತ್ತೈದು ನಿಮಿಷ. ಆಚೆ ದಡದ ಮರ ಎರಡು ಕಣ್ಣಿಗೂ ಒಂದೇ ಹಸಿರಾಗಿ ಕಂಡಿತು. ಆ ಎರಡು ಅಂಕಿಗಳನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಏಕೆಂದರೆ 2019ರ ಭಯ ನನ್ನನ್ನು ಬಿಟ್ಟದ್ದು ಅಂದು. ಬಿಸಿಗೆ ಬಂದದ್ದು ತಣಿದರೆ ಹೋಗುತ್ತದೆ. ಜ್ವರ ಸೋಂಕು ಇಲ್ಲದೆ, ಹೊಸ ಲಕ್ಷಣ 24 ಗಂಟೆ ಮೀರಿ ನಿಂತರೆ ಅದು ಮರುಕಳಿಕೆ ಇರಬಹುದು, ವೈದ್ಯರಿಗೆ ತಿಳಿಸಲೇಬೇಕು. ಇಷ್ಟೇ ವ್ಯತ್ಯಾಸವನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಪೊರಕೆ, ಕೊಡ, ಮೆಟ್ಟಿಲುಗಳನ್ನು ಬಿಟ್ಟುಕೊಡುತ್ತಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ದಾವಣಗೆರೆಯ ಬೇಸಿಗೆಗೆ ಬೇರೆ ಏರ್ಪಾಡು ಬೇಕಾಯಿತು. ಮಾರ್ಚ್‌ನಿಂದ ಮೇವರೆಗೆ ಹೊರಗಿನ ನಡಿಗೆ ಇಲ್ಲ. ಹಾಲಿನಲ್ಲಿ ಫ್ಯಾನಿನ ಕೆಳಗೆ, ನಿಂತಲ್ಲೇ ಹೆಜ್ಜೆ ಹಾಕುವುದು. ಶುರುಮಾಡುವ ಮುಂಚೆ ಹದಿನೈದು ನಿಮಿಷ ತಣ್ಣೀರಿನ ಬಕೆಟ್ಟಿನಲ್ಲಿ ಪಾದ ಇಟ್ಟು ಕೂರುವುದು. ವಿದೇಶದಲ್ಲಿ ಮೈ ತಂಪಾಗಿಡುವ ಅಂಗಿಗಳಿವೆಯಂತೆ, ನನಗೆ ಎರಡು ಹತ್ತಿಯ ಟವೆಲ್ ಸಾಕಾದವು.

ಬೆಂಗಳೂರಿನ ವೈದ್ಯೆ ಮೂರು ತಿಂಗಳಿಗೊಮ್ಮೆ ಮೊದಲು ಕೇಳುತ್ತಿದ್ದುದು ನನ್ನ ಪುಸ್ತಕವನ್ನು. ಅದು ಗ್ರಾಫ್ ಹಾಳೆಯ ಪುಸ್ತಕ. ಅಡ್ಡಕ್ಕೆ ವಾರ, ಉದ್ದಕ್ಕೆ ನಿಮಿಷ, ಚುಕ್ಕೆಯ ಪಕ್ಕ ಶ್ರಮದ ಅಂಕ. ಅದನ್ನು ಅವರು ರಕ್ತಪರೀಕ್ಷೆಯ ವರದಿಯಷ್ಟೇ ಗಮನವಿಟ್ಟು ನೋಡುತ್ತಿದ್ದರು. ನೋಡುತ್ತಾರೆಂದು ಗೊತ್ತಿದ್ದುದರಿಂದಲೇ ಎಷ್ಟೋ ಸೋಮಾರಿ ಬೆಳಿಗ್ಗೆಗಳಲ್ಲಿ ನಾನು ಎದ್ದಿದ್ದೇನೆ. ಹೊಸ ಚೀಟಿಯಲ್ಲಿ ಐದನೆಯ ಸಾಲು ಬದಲಾಗುತ್ತಿತ್ತು: 8 ನಿಮಿಷ, 12 ನಿಮಿಷ, ಅರ್ಧ ಕೆ.ಜಿ. ಮರಳಿನ ಚೀಲ ಕಾಲಿಗೆ. 2023ರ ಮೇನಲ್ಲಿ ಕಾರಿಡಾರಿನ 25 ಅಡಿಗೆ 6.7 ಸೆಕೆಂಡು ಬಂತು. ಈ ಪರೀಕ್ಷೆಯಲ್ಲಿ ಶೇಕಡಾ 20ರಷ್ಟು ಬದಲಾವಣೆಯನ್ನು ಗಣನೀಯವೆಂದು ಪರಿಗಣಿಸುತ್ತಾರೆ ಎಂದು ಅವರು ಹೇಳುವ ಮೊದಲೇ ನಾನು ಮನಸ್ಸಿನಲ್ಲಿ ಭಾಗಿಸಿಯಾಗಿತ್ತು. 8.4ರಲ್ಲಿ 1.7 ಕಳೆದಿದೆ. ಶೇಕಡಾ 20ಕ್ಕೆ ಕೂದಲೆಳೆಯಷ್ಟು ಹೆಚ್ಚು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಎಡಗೈ ಜೋಮು ಹಿಡಿಯಿತು. 24 ಗಂಟೆ ಕಳೆಯಿತು, 48 ಕಳೆಯಿತು. ನಿಜವಾದ ಮರುಕಳಿಕೆ. ಮತ್ತೆ ಡ್ರಿಪ್, ಔಷಧದ ಬದಲಾವಣೆ. ವ್ಯಾಯಾಮದಿಂದ ಬಂತೇ ಎಂದು ಮನೆಯವರೆಲ್ಲ ಕೇಳಿದರು, ನಾನೂ ಕೇಳಿದೆ. ಅಲ್ಲವೆಂದರು ವೈದ್ಯೆ. ವ್ಯಾಯಾಮದಿಂದ ಮರುಕಳಿಕೆ ಹೆಚ್ಚುತ್ತದೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ, ಹಾಗೆಯೇ ವ್ಯಾಯಾಮ ಔಷಧದ ಬದಲಿಯೂ ಅಲ್ಲ ಎಂದು ಮೊದಲ ದಿನವೇ ಹೇಳಿದ್ದರು, ಈಗ ಮತ್ತೆ ಹೇಳಿದರು. ಮೂರು ವಾರ ಎಲ್ಲವನ್ನೂ ನಿಲ್ಲಿಸಿದೆ. ನಾಲ್ಕನೆಯ ವಾರ ಚೀಟಿಯಲ್ಲಿ ‘ನಡಿಗೆ – 3 ನಿಮಿಷ’ ಎಂದಿತ್ತು. ಇಪ್ಪತ್ತು ನಿಮಿಷದಿಂದ ಮೂರಕ್ಕೆ ಇಳಿದ ಚುಕ್ಕೆಯನ್ನು ಗ್ರಾಫಿನಲ್ಲಿ ಇಡುವಾಗ ಕೈ ತಡೆಯಿತು. ಇಟ್ಟೆ. ಮತ್ತೆ ಇಪ್ಪತ್ತಕ್ಕೆ ಬರಲು ಐದು ತಿಂಗಳು ಹಿಡಿಯಿತು.

ದಣಿವು ಹೋಗಿಲ್ಲ. ಆದರೆ ಭತ್ತದ ಚೀಲ ಎರಡು ಗಂಟೆಗೆ ಬರುವ ಬದಲು ನಾಲ್ಕಕ್ಕೆ ಬರುತ್ತದೆ. ನನಗೆ ಆ ಎರಡು ಗಂಟೆ ಎಂದರೆ ಎರಡು ಪೀರಿಯಡ್ಡು. ಕಳೆದ ಜೂನ್‌ನಲ್ಲಿ ಮುಖ್ಯೋಪಾಧ್ಯಾಯರನ್ನು ಕೇಳಿ ಬೆಳಗಿನ ಒಂದು ತರಗತಿಯನ್ನು ಮೇಲ್ಮಹಡಿಗೆ ಹಾಕಿಸಿಕೊಂಡೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಈ ಕಾಯಿಲೆಯೂ ಇದೆ, ಕೆಳಮಹಡಿ ಕೇಳುವುದು ನನ್ನ ಹಕ್ಕು. ಉಳಿದ ತರಗತಿಗಳಿಗೆ ಆ ಹಕ್ಕನ್ನು ಬಿಟ್ಟಿಲ್ಲ. ಆ ಒಂದಕ್ಕೆ ಇಪ್ಪತ್ತೆರಡು ಮೆಟ್ಟಿಲಿವೆ, ಬಲಗೈ ಕಂಬಿಯ ಮೇಲಿರುತ್ತದೆ, ಊರಿರುವುದಿಲ್ಲ.

ಅತ್ತೆಗೆ ಮೊದಮೊದಲು ಇದೆಲ್ಲ ಸರಿಬರಲಿಲ್ಲ. ವೈದ್ಯೆ ಒಮ್ಮೆ ಅವರನ್ನೂ ಒಳಗೆ ಕರೆಸಿ, ‘ಅಮ್ಮಾ, ಇವರಿಗೆ ಕೊಡ ಬೇಡ, ಅರ್ಧ ತುಂಬಿದ ಬಿಂದಿಗೆ ಕೊಡಿ. ಬಿದ್ದಾರೆಂದು ಹೆದರಿಕೆಯಾದರೆ ಪಕ್ಕದಲ್ಲಿ ನಿಲ್ಲಿ, ಕೈಯಿಂದ ಕಸಿದುಕೊಳ್ಳಬೇಡಿ’ ಎಂದರು. ಮಗ, ಸೊಸೆ ಹೇಳಿದರೆ ಕೇಳದವರು ಡಾಕ್ಟರು ಹೇಳಿದ್ದಕ್ಕೆ ತಲೆಯಾಡಿಸಿದರು. ಈಗ ರಾತ್ರಿ ಎರಡು ಟವೆಲ್ ಒದ್ದೆಮಾಡಿ, ಮಡಿಸಿ, ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇಟ್ಟು ಮಲಗುವವರು ಅವರೇ.

2019ರಲ್ಲಿ ವಿಶ್ರಾಂತಿ ಹೇಳಿದ ವೈದ್ಯರ ಬಳಿಗೆ ಕಳೆದ ಚಳಿಗಾಲದಲ್ಲಿ ನೆಗಡಿ ಕೆಮ್ಮೆಂದು ಹೋಗಬೇಕಾಯಿತು. ಗ್ರಾಫ್ ಪುಸ್ತಕವನ್ನೂ ಬೆಂಗಳೂರಿನ ಪತ್ರದ ನಕಲನ್ನೂ ಒಯ್ದಿದ್ದೆ. ಜಗಳ ಮಾಡಬೇಕೆಂದು ಒಂದು ಕಾಲಕ್ಕೆ ಇಟ್ಟುಕೊಂಡಿದ್ದ ಮಾತುಗಳೆಲ್ಲ ಇದ್ದವು, ಆಡಲಿಲ್ಲ. ಅವರು ಪತ್ರ ಓದಿದರು, ಗ್ರಾಫ್ ತಿರುವಿದರು, ಮೂರು ನಿಮಿಷಕ್ಕೆ ಇಳಿದ ಚುಕ್ಕೆಯ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳಿದರು. ಹೇಳಿದೆ. ‘ನಾನು ಓದುವಾಗ ನಮಗೆ ವಿಶ್ರಾಂತಿ ಎಂದೇ ಕಲಿಸಿದ್ದರು’ ಎಂದು, ಪತ್ರದ ಫೋಟೋ ತೆಗೆದುಕೊಂಡು, ಫಿಸಿಯೋಥೆರಪಿಸ್ಟರ ನಂಬರ್ ಬರೆದುಕೊಂಡರು.

ಎರಡು ತಿಂಗಳ ಹಿಂದೆ ನಾನು ಹೋದಾಗ ಕ್ಲಿನಿಕ್ಕಿನ ನೆಲದ ಮೇಲೆ ಸವೆದಿದ್ದ ಹಳದಿ ಪಟ್ಟಿಗಳನ್ನು ಕಿತ್ತು ಹೊಸದನ್ನು ಅಂಟಿಸಿದ್ದರು. ಒಂದು ಪಟ್ಟಿಯ ಮೇಲೆ ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿ ನಿಂತಿದ್ದಳು, ಅವಳ ತಾಯಿ ಎರಡೂ ಕೈ ಚಾಚಿ ಹಿಂದೆಯೇ ಇದ್ದರು. ಫಿಸಿಯೋಥೆರಪಿಸ್ಟ್ ಸ್ಟಾಪ್‌ವಾಚ್ ಒತ್ತಿದರು. ನಾನು ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತು ನನ್ನ ಸರದಿಗೆ ಕಾದೆ.